ಅವ್ವ ಮೆತ್ತಿದ ಗೋಡೆ

ನಮ್ಮ ಶಾಲೆಯ ಗೋಡೆಯಲ್ಲಿ ಒಂದು ಬಿರುಕಿತ್ತು. ತೊಲೆ ಕೂತ ಜಾಗದಿಂದ ಹೊರಟು, ಕರಿಹಲಗೆಯ ಪಕ್ಕದಲ್ಲಿ ಇಳಿದು, ನೆಲ ಮುಟ್ಟುವ ಮುಂಚೆ ಎರಡಾಗಿ ಕವಲೊಡೆದು ನಿಂತಿತ್ತು. ಏಳನೇ ತರಗತಿಯ ನಾವು ಅದಕ್ಕೆ ಕಣ್ಣಿಟ್ಟರೆ ಆಚೆ ಮಂಡಕ್ಕಿ ಭಟ್ಟಿಗಳ ಹೊಗೆ ಕಾಣುತ್ತಿತ್ತು. ಗಾಳಿ ಈ ಕಡೆ ತಿರುಗಿದರೆ ಅದೇ ಹೊಗೆ ಬಿರುಕಿನಿಂದ ಒಳಗೆ ಬಂದು, ತಡವಾಗಿ ಬಂದ ಹುಡುಗನ ಹಾಗೆ ಮೆಲ್ಲಗೆ ನಮ್ಮ ನಡುವೆ ಕೂರುತ್ತಿತ್ತು. ಪ್ರತಿ ಮಳೆಗಾಲ ಕಳೆದ ಮೇಲೂ ಬಿರುಕು ಒಂದಿಷ್ಟು ಅಗಲವಾಗುತ್ತಿತ್ತು. ನಾನು ಸಣ್ಣವಳಿದ್ದಾಗ ಬಳಪ ತೂರುತ್ತಿದ್ದ ಸಂದಿನಲ್ಲಿ ಆ ವರ್ಷ ನನ್ನ ಅಂಗೈಯೇ ತೂರುತ್ತಿತ್ತು.

ಊರಿನ ಆ ಭಾಗಕ್ಕೆ ಭಟ್ಟಿ ಕೇರಿ ಎಂದೇ ಹೆಸರು. ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡುವವರು ನಾವು. ಭಟ್ಟಿಗೆ ಭತ್ತದ ಹೊಟ್ಟು ಉರಿಸುತ್ತಿದ್ದೆವಾದ್ದರಿಂದ ಮಸಿ ಎಲ್ಲದರ ಮೇಲೂ ಕೂರುತ್ತಿತ್ತು. ಭಟ್ಟಿ ಕೇರಿಯಲ್ಲಿ ಬಿಳಿ ಬೆಕ್ಕು ಹುಟ್ಟಿದರೂ ಮೀಸೆ ಬರುವುದರೊಳಗೆ ಕಪ್ಪಾಗುತ್ತದೆ ಎಂದು ಪೇಟೆಯವರು ಆಡಿಕೊಳ್ಳುತ್ತಿದ್ದರು. ಅಪ್ಪ ಮಂಡಕ್ಕಿ ಮೂಟೆಗಳ ಲಾರಿಯ ಜೊತೆ ಊರೂರು ತಿರುಗುವವನು; ಅವನು ಮನೆಯಲ್ಲಿದ್ದ ದಿನವೇ ಹಬ್ಬ. ಅವ್ವ, ಹಾಲಮ್ಮ, ಹಗಲೆಲ್ಲ ಜರಡಿ ಹಿಡಿದು ಮಂಡಕ್ಕಿಯಿಂದ ಮರಳು ಬೇರ್ಪಡಿಸುತ್ತಿದ್ದಳು. ಅದಕ್ಕೂ ಮುಂಚೆ, ಬೆಳಕು ಹರಿಯುವ ಹೊತ್ತಿಗೆ, ಹಿಂದಿನ ದಿನದ ಬೆಂಕಿಗೆ ಸೀಳಿದ ಭಟ್ಟಿಯ ಮೈಗೆ ಮಣ್ಣು ಮೆತ್ತುವ ಕೆಲಸ ಅವಳದು. ಕೇರಿಯಲ್ಲಿ ಅವಳ ಹಾಗೆ ಮೆತ್ತುವವರು ಇರಲಿಲ್ಲ. ಅವಳು ಸವರಿದ ಮೇಲೆ ಎಲ್ಲಿ ಸೀಳಿತ್ತು ಎಂದು ಭಟ್ಟಿಯ ಯಜಮಾನನಿಗೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಶಾಲೆ ಏಳನೇ ತರಗತಿಗೆ ಮುಗಿಯುತ್ತಿತ್ತು. ಹೈಸ್ಕೂಲು ಊರಿನ ಆ ತುದಿಗೆ, ಲಾರಿ ಸ್ಟ್ಯಾಂಡಿನಾಚೆ. ಹೋಗಿ ಬರುತ್ತಿದ್ದ ಹುಡುಗಿಯೊಬ್ಬಳನ್ನು ಹಿಂದಕ್ಕೆ ಬರುತ್ತಿದ್ದ ಲಾರಿ ಕೆಡವಿದ ಮೇಲೆ ಕೇರಿಯವರು ಹೆಣ್ಣುಮಕ್ಕಳನ್ನು ಆ ಕಡೆ ಕಳಿಸುವುದನ್ನೇ ಬಿಟ್ಟಿದ್ದರು. ಏಳು ಮುಗಿಸಿದವಳ ಕೈಗೆ ಜರಡಿ ಬರುತ್ತಿತ್ತು. ನನಗದು ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಆ ವರ್ಷವೆಲ್ಲ ಅವಳು ಒಂದು ಕಡೆ ಕೂತಿದ್ದನ್ನು ನಾನು ಕಾಣೆ. ಅನ್ನ ಬಡಿಸುತ್ತಾ ಎದ್ದು ಹೋಗಿ ಬಾಗಿಲು ನೋಡುವಳು, ಬಂದು ಮತ್ತೆ ಬಡಿಸುವಳು. "ಏನವ್ವಾ?" ಎಂದರೆ "ಏನಿಲ್ಲ, ಉಣ್ಣು" ಎನ್ನುವಳು.

ಆಗಲೇ ಆ ಕಾಯಿದೆ ಬಂದದ್ದು.

ಹೆಡ್‌ಮಾಸ್ತರರಾದ ಗದಿಗೆಪ್ಪ ಮೇಷ್ಟ್ರು ತಂದೆತಾಯಂದಿರನ್ನೆಲ್ಲ ಶಾಲೆಯ ಜಗುಲಿಗೆ ಕರೆಸಿದರು. ಮೇಷ್ಟ್ರು ಸಣ್ಣ ಆಳು, ದೊಡ್ಡ ದನಿ. "ರಾಜಧಾನಿಯಲ್ಲಿ ಹೊಸ ಕಾನೂನು ಪಾಸಾಗಿದೆ. ಶಿಥಿಲವಾದ ಕಟ್ಟಡದಲ್ಲಿ ಮಕ್ಕಳನ್ನ ಕೂರಿಸಬಾರದು. ಅಂಥ ಶಾಲೆಗಳಿಗೆ ಈ ಸಲದ ಬಜೆಟ್ಟಿನಲ್ಲಿ ಹೊಸ ಕಟ್ಟಡ, ಜೊತೆಗೆ ಎಂಟನೇ ತರಗತಿ ಇಟ್ಟಿದಾರೆ. ಇಂಜಿನಿಯರು ಬಂದು ನೋಡಿ ಶಿಥಿಲ ಅಂತ ಬರೀಬೇಕು. ಮಾರ್ಚಿ ಮುಗಿಯೋದರೊಳಗೆ ಆಗಬೇಕು, ಇಲ್ಲದಿದ್ದರೆ ಇಲ್ಲ."

"ಶಿಥಿಲ ಅಂದ್ರೆ ಏನೋ ಮೇಷ್ಟ್ರೇ?" ಎಂದಳು ಕೊಟ್ರಮ್ಮಜ್ಜಿ. ಮಕ್ಕಳು ಮರಿ ಯಾರೂ ಶಾಲೆಯಲ್ಲಿರದಿದ್ದರೂ ಒಂದು ಸಭೆಯನ್ನೂ ತಪ್ಪಿಸಿದವಳಲ್ಲ ಅವಳು.

"ಬೀಳೋ ಹಂಗಿರೋದು ಅಜ್ಜಿ."

"ಹಂಗಾದ್ರೆ ನಾನೂ ಶಿಥಿಲಾನೇ. ನನಗೂ ಒಂದು ಬರೆಸಪ್ಪ."

ಜಗುಲಿಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು, ಆಮೇಲೆ ಕೈಯೆತ್ತಿ ಹೇಳಿದರು: "ಅವರು ಬಂದ ದಿನ ಇದ್ದದ್ದನ್ನ ಇದ್ದ ಹಾಗೆ ತೋರಿಸೋಣ. ಅಷ್ಟು ಸಾಕು."

ಮೇಷ್ಟ್ರು ಅಲ್ಲಿದ್ದಿದ್ದರೆ ಅಷ್ಟು ಸಾಕಾಗುತ್ತಿತ್ತೇನೋ. ಆದರೆ ಜನಗಣತಿಗೆಂದು ಅವರನ್ನು ಹಳ್ಳಿಗಳ ಕಡೆ ಕಳಿಸಿಬಿಟ್ಟರು. ಶಾಲೆಯಲ್ಲಿ ಉಳಿದವರು ಬದಲಿಗೆ ಬಂದಿದ್ದ ಎಳೆಯ ಟೀಚರೊಬ್ಬರು. ಕೊಟ್ರಮ್ಮಜ್ಜಿ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದರು. ಅಂಥ ಹೊತ್ತಿನಲ್ಲಿ ಇಂಜಿನಿಯರರ ಕಚೇರಿಯ ಜವಾನ ಸೈಕಲ್ಲಿನಿಂದ ಇಳಿಯದೆಯೇ, "ಗುರುವಾರ ಇಂಜಿನಿಯರ್ ಸಾಹೇಬರು ಬರ್ತಾರೆ" ಎಂದು ಕೂಗಿ ಹೋದ.

ಸುದ್ದಿ ಮೊದಲು ಮುಟ್ಟಿದ್ದು ದಾದಾಪೀರ್ ಚಾಚಾನಿಗೆ. ಶಾಲಾ ಸಮಿತಿಯ ಅಧ್ಯಕ್ಷ ಅವನೇ, ಅವ್ವ ಕೆಲಸ ಮಾಡುತ್ತಿದ್ದ ಭಟ್ಟಿಯ ಯಜಮಾನನೂ ಅವನೇ. ಅವನು ಶಾಲೆಯ ಮುಂದೆ ಬಂದು ನಿಂತು ಗೋಡೆಯ ಮಸಿ ನೋಡಿದ, ಮೂಲೆಯ ಜೇಡರಬಲೆ ನೋಡಿದ, ಕಿಟಕಿಯಲ್ಲಿ ಕಟ್ಟಿದ್ದ ಗೋಣಿತಟ್ಟು ನೋಡಿದ. "ಅರೆ ತೋಬಾ! ದೊಡ್ಡ ಮನುಷ್ಯ ಬರೋ ಮನೆನಾ ಇದು?"

ಎಳೆಯ ಟೀಚರು ಮೆಲ್ಲಗೆ, "ಹೆಡ್‌ಮಾಸ್ತರು ಇದ್ದ ಹಾಗೆ ತೋರಿಸಿ ಅಂದಿದ್ದರು..." ಎಂದರು.

"ಇದ್ದ ಹಾಗೇ ತೋರಿಸೋದು ಬೇಟಿ. ಸುಣ್ಣ ಹೊಡೆದರೆ ಗೋಡೆ ಬದಲಾಗುತ್ತಾ? ಗೋಡೆ ಅದೇ. ಮಸಿ ನಮ್ಮ ಭಟ್ಟೀದು, ನಾವು ತೆಗೀತೀವಿ."

"ಹೆಣ್ಣು ನೋಡೋಕೆ ಬರೋರ ಮುಂದೆ ಹುಡುಗೀನ ಮುಖ ತೊಳೀದೆ ಕೂರಿಸ್ತಾರೇನೇ?" ಎಂದು ಕೊಟ್ರಮ್ಮಜ್ಜಿ ಕೆಮ್ಮಿದಳು. ಟೀಚರು ಎದ್ದು ನಿಂತರು. ಮಾತು ಅಲ್ಲಿಗೆ ಮುಗಿಯಿತು.

ಬಿರುಕಿನ ಮಾತು ತೆಗೆದವಳು ಅವ್ವ. ಅವಳ ಲೆಕ್ಕಾಚಾರ ನನಗೆ ಇವತ್ತಿಗೂ ಹಾಗೇ ನೆನಪಿದೆ. "ನಮ್ಮ ಭಟ್ಟೀಲಿ ಹೊಸ ಜರಡಿ ಯಾರಿಗೆ ಕೊಡ್ತಾರೆ? ಹಳೇದನ್ನ ಹರಕೊಂಡು ಬಂದೋಳಿಗಾ? ಇಲ್ಲ. ಹಳೇದನ್ನೇ ಹೊಲಿದು ಜೋಪಾನ ಮಾಡ್ಕೊಂಡೋಳಿಗೆ. ಸರ್ಕಾರನೂ ಹಂಗೇ ಅಲ್ವಾ? ಇವರು ಇದ್ದದ್ದನ್ನ ಚೆನ್ನಾಗಿ ಇಟ್ಕೊಂಡವರೆ, ಇವರಿಗೆ ಕೊಟ್ಟರೆ ಹಾಳಾಗಲ್ಲ ಅನ್ನಿಸಬೇಕು ಅವರಿಗೆ."

ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನಮ್ಮ ಕೇರಿಯಲ್ಲಿ ಬದುಕು ನಡೆಯುತ್ತಿದ್ದದ್ದೇ ಹಾಗೆ.

ಹುತ್ತದ ಮಣ್ಣು, ಹೊಟ್ಟಿನ ಬೂದಿ, ಬೆಲ್ಲದ ನೀರು. ನಾನು ಕಾಲಿನಿಂದ ತುಳಿದು ಕಲಸಿದೆ. ಅವ್ವ ಸೆರಗು ಸಿಕ್ಕಿಸಿ ಬೆಂಚು ಹತ್ತಿ ಮೇಲಿನಿಂದ ಶುರು ಮಾಡಿದಳು. ಮುಷ್ಟಿಯಿಂದ ತುಂಬುವಳು, ಹೆಬ್ಬೆರಳಿನಿಂದ ಒತ್ತುವಳು, ಅಂಗೈ ಒದ್ದೆ ಮಾಡಿಕೊಂಡು ಸವರುವಳು. ಸಂದಿನಲ್ಲಿ ಕಾಣುತ್ತಿದ್ದ ಹೊಗೆ ಗೇಣು ಗೇಣಾಗಿ ಮುಚ್ಚಿಹೋಯಿತು. ಮೇಲೆ ಸುಣ್ಣ ಬಿದ್ದಾಗ ಆ ಗೋಡೆ ಎಂದೂ ಸೀಳಿರಲೇ ಇಲ್ಲವೆಂಬಂತೆ ನಿಂತಿತು. "ಹಾಲಮ್ಮ, ನಿನ್ನ ಕೈಗೆ ಬೆಳ್ಳಿ ಬಳೆ ತೊಡಿಸಬೇಕು" ಎಂದ ಚಾಚಾ.

ಗುರುವಾರ ಬಂದ ಇಂಜಿನಿಯರು ಕೆಟ್ಟವರೇನಲ್ಲ. ಬಿಸಿಲಿಗೆ ಸೋತ ಮುಖ, ಚಪ್ಪಲಿಯ ತುಂಬ ಧೂಳು. ಬಾಗಿಲಿಗೆ ತೋರಣ, ಅಂಗಳಕ್ಕೆ ರಂಗೋಲಿ, ಹಾಲಿನಂಥ ಗೋಡೆ. ಅವರು ಗೇಟಿನಲ್ಲೇ ನಿಂತು, "ಶಿಥಿಲ ಅಂತ ಅರ್ಜಿ ಕೊಟ್ಟಿರೋ ಶಾಲೆ ಇದೇನಾ?" ಎಂದರು.

"ಇದೇ ಸಾಹೇಬ್ರೇ!" ಎಂದ ಚಾಚಾ, ಎದೆಯುಬ್ಬಿಸಿ.

ಅವರು ಒಳಗೆ ಬಂದು ಗೆಣ್ಣಿನಿಂದ ಅಲ್ಲಲ್ಲಿ ಗೋಡೆ ಕುಟ್ಟಿದರು. ಅವ್ವ ಮೆತ್ತಿದ ಜಾಗದಲ್ಲೂ ಕುಟ್ಟಿದರು. ಅವಳು ಬಾಗಿಲ ಹಿಂದೆ ನಿಂತು ಕಿವಿಗೊಟ್ಟಿದ್ದಳು. ಟಕ್ ಟಕ್ ಎಂದು ಗಟ್ಟಿ ಸದ್ದು ಬಂದಾಗ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹ. ಅವರು ಎರಡನೇ ಸಲವೂ ಹಾಕಿಸಿಕೊಂಡರು. ಹೋಗುವಾಗ, "ಸರ್ಕಾರಿ ಶಾಲೆನ ಹಿಂಗೆ ಇಟ್ಕೊಂಡಿರೋ ಜನಾನ ನಾನು ನೋಡೇ ಇಲ್ಲ. ಇದನ್ನೇ ಬರೀತೀನಿ" ಎಂದರು. ನಾವು ಚಪ್ಪಾಳೆ ತಟ್ಟಿದೆವು. ಆ ದಿನ ಅವ್ವ ಒಂದೇ ಕಡೆ ಕೂತು ಪೂರ್ತಿ ಊಟ ಮಾಡಿದಳು.

ಗದಿಗೆಪ್ಪ ಮೇಷ್ಟ್ರು ಗಣತಿ ಮುಗಿಸಿ ಬಂದಾಗ ಮಧ್ಯಾಹ್ನ. ಚೀಲವನ್ನು ಹೆಗಲಿನಿಂದ ಇಳಿಸದೆಯೇ ಏಳನೇ ತರಗತಿಯ ಒಳಗೆ ಬಂದು ಗೋಡೆಯ ಮುಂದೆ ನಿಂತರು. ಬಿರುಕಿದ್ದ ಜಾಗವನ್ನು ಬೆರಳಿನಿಂದ ಮೇಲಿಂದ ಕೆಳಗೆ ಹುಡುಕಿದರು, ಕುರುಡರು ಮುಖ ಗುರುತಿಸುವ ಹಾಗೆ.

"ಯಾರು ಇದನ್ನ ಮೆತ್ತಿದ್ದು?"

ಅವ್ವನನ್ನು ಕರೆತರಲು ನಾನೇ ಓಡಿದೆ. ಬಹುಮಾನವಿರಬೇಕು ಎಂದು ಇಬ್ಬರೂ ನಗುತ್ತಲೇ ಬಂದೆವು.

"ನಾನೇ ಮೇಷ್ಟ್ರೇ" ಎಂದಳು ಅವ್ವ.

ಮೇಷ್ಟ್ರು ಚೀಲವನ್ನು ಹೆಗಲಿನಿಂದ ಇಳಿಸಿದರು. ಅವರ ದೊಡ್ಡ ದನಿ ಎಲ್ಲಿ ಹೋಗಿತ್ತೋ. "ಚೆನ್ನಾಗಿ ಮೆತ್ತಿದೀಯ ತಾಯಿ" ಎಂದರು. ಆಮೇಲೆ ಕೂತುಕೊಂಡು ಬಿಡಿಸಿ ಹೇಳಿದರು. ಬರುವ ದಾರಿಯಲ್ಲೇ ಕಚೇರಿಯಲ್ಲಿ ಕೇಳಿಕೊಂಡು ಬಂದಿದ್ದರು: ಕಟ್ಟಡ ಸುಸ್ಥಿತಿಯಲ್ಲಿದೆ ಎಂದು ವರದಿ ಹೋಗಿದೆ. ಗಟ್ಟಿ ಇರುವ ಕಟ್ಟಡಕ್ಕೆ ಹೊಸದು ಸಿಗುವುದಿಲ್ಲ. ಹೊಸದಿಲ್ಲದೆ ಕೋಣೆಯಿಲ್ಲ, ಕೋಣೆಯಿಲ್ಲದೆ ಎಂಟನೇ ತರಗತಿಯಿಲ್ಲ. ನಮ್ಮ ಪಾಲಿನದು ಇನ್ನೊಂದು ಊರಿಗೆ ಹೋಗುತ್ತದೆ.

"ಚೆನ್ನಾಗಿ ಇಟ್ಕೊಂಡಿದ್ದಕ್ಕೆ ಕೊಡಲ್ವಾ?" ಎಂದಳು ಅವ್ವ. ತಾನು ಕೇಳಿಸಿಕೊಂಡದ್ದೇ ತಪ್ಪಿರಬೇಕು ಎಂಬ ದನಿ. "ಹಾಳು ಮಾಡಿಕೊಂಡಿದ್ದರೆ ಕೊಡ್ತಿದ್ರಾ?"



ಮಾರನೆಯ ದಿನ ಅವ್ವ ನನ್ನನ್ನು ಕರೆದುಕೊಂಡು ಕಚೇರಿಗೆ ಹೋದಳು. ಮಾರ್ಚಿ ಕೊನೆಯ ಗಡಿಬಿಡಿ. ಕಾಗದದ ಕಟ್ಟು ಹೊತ್ತವರು ಓಡುತ್ತಿದ್ದರು, ಫ್ಯಾನು ಗಡಗಡ ಎನ್ನುತ್ತಿತ್ತು. ಕೂರಲು ಬೆಂಚಿದ್ದರೂ ಅವ್ವ ಕೂರಲಿಲ್ಲ. ಬಾಗಿಲಿಗೂ ಕಿಟಕಿಗೂ ನಡುವೆ ಓಡಾಡಿ ಓಡಾಡಿ, ಕೊನೆಗೆ ಜವಾನನೇ ಬೇಸತ್ತು ನಮ್ಮನ್ನು ಒಳಗೆ ಬಿಟ್ಟ.

ಇಂಜಿನಿಯರು ಗುರುತು ಹಿಡಿದರು. "ಬನ್ನಿ ಬನ್ನಿ, ಮಂಡಕ್ಕಿ ಕೇರಿಯವರಲ್ವಾ?"

"ಸಾಹೇಬ್ರೇ, ಇನ್ನೊಂದು ಸಲ ಬರ್ರಿ. ಆ ಗೋಡೆ ಸೀಳಿದೆ. ನಾನೇ ಮುಚ್ಚಿದ್ದು, ನಿಮ್ಮ ಮುಂದೆ ನಾನೇ ಕೆದರಿ ತೋರಿಸ್ತೀನಿ. ನನ್ನ ಮಗಳು ಕೈ ತೂರಿಸಿ ತೋರಿಸ್ತಾಳೆ."

ಅವರ ಮುಖದ ನಗು ಹೋಯಿತು. ಕನ್ನಡಕ ತೆಗೆದರು, ಹಾಕಿಕೊಂಡರು. "ಅಮ್ಮಾ, ನಾನು ನೋಡಿದ್ದನ್ನ ಬರೆದೆ. ವರದಿ ಮೇಲೆ ಹೋಗಾಯ್ತು, ಹಂಚಿಕೆನೂ ಆಯ್ತು. ಈಗ ನೀವು ಕೆದರಿದರೆ ಸರ್ಕಾರಿ ಕಟ್ಟಡ ಕೆಡವಿದ ಕೇಸಾಗುತ್ತೆ."

"ಮತ್ತೆ?"

"ಮುಂದಿನ ಬಜೆಟ್ಟಿನಲ್ಲಿ ಮತ್ತೆ ಇಟ್ಟರೆ ನೋಡೋಣ."

"ಇಡದಿದ್ರೆ?"

"ಅದು ನನ್ನ ಕೈಲಿಲ್ಲಮ್ಮ. ಅಲ್ಲಿ ಕೂತೋರ ಕೈಲಿದೆ." ಅವರು ಕಿಟಕಿಯ ಕಡೆ ಕೈ ತೋರಿಸಿದರು. ಅವ್ವ ನಿಜಕ್ಕೂ ಆ ಕಡೆ ನೋಡಿದಳು. ಅಲ್ಲಿ ಒಂದು ಹೊಂಗೆ ಮರವಿತ್ತು, ಅಷ್ಟೆ.

ಆ ವರ್ಷ ನನ್ನ ಕೈಗೆ ಜರಡಿ ಬಂತು. ಮಂಡಕ್ಕಿ ಹಾರಿಸುತ್ತಾ ಶಾಲೆಯ ಗಂಟೆ ಕೇಳುವುದೆಂದರೆ ಕಾಲಿಗೆ ಇರುವೆ ಹತ್ತಿದ ಹಾಗೆ. ಪಾಠ ಬದಲಾಗುವ ಗಂಟೆಗೆ ಗಣಿತವೋ ವಿಜ್ಞಾನವೋ ಎಂದು ಮನಸ್ಸು ಓಡುವುದು, ಜರಡಿಯ ಮರಳು ಕಾಲಮೇಲೆ ಸುರಿಯುವುದು. ಅವ್ವ ಬಯ್ಯುತ್ತಿರಲಿಲ್ಲ. ಬೈದಿದ್ದರೆ ನನಗೂ ವಾಸಿಯಿತ್ತು.

ಮುಂದಿನ ಬಜೆಟ್ಟು ಬಂತು. ಚಾಚಾ ಭಟ್ಟಿಯ ಮುಂದೆ ರೇಡಿಯೋ ಇಟ್ಟು ಎಲ್ಲರನ್ನೂ ಸುಮ್ಮನಿರಿಸಿದ. ಶಾಲೆಗಳ ಕಟ್ಟಡದ ಮಾತೇ ಬರಲಿಲ್ಲ. ಬಂದದ್ದು ಬೇರೆ: ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆಲ್ಲ ಸೈಕಲ್ಲು.

"ಎಂಟನೇ ತರಗತಿಯವರಿಗಂತೆ!" ಎಂದಳು ಕೊಟ್ರಮ್ಮಜ್ಜಿ. "ಹೊಟ್ಟೇಲಿಲ್ಲದ ಕೂಸಿಗೆ ತೊಟ್ಟಿಲು ಕೊಟ್ಟರು ನೋಡ್ರಪ್ಪಾ!"

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಜರಡಿಯನ್ನು ಗೋಡೆಗೆ ಒರಗಿಸಿಟ್ಟು ಮನೆಗೆ ಹೋದಳು.

ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನ ಅವಳು ನನಗೆ ಎಣ್ಣೆ ಹಚ್ಚಿ ಜಡೆ ಹಾಕಿ, ಗದಿಗೆಪ್ಪ ಮೇಷ್ಟ್ರ ಮುಂದೆ ನಿಲ್ಲಿಸಿದಳು. "ಇವಳನ್ನ ಏಳರಲ್ಲೇ ಕೂರಿಸ್ಕೊಳ್ರಿ."

"ಅವಳು ಏಳು ಪಾಸಾಗಿದಾಳೆ ತಾಯಿ. ಪಾಸಾದೋರನ್ನ ಮತ್ತೆ ಸೇರಿಸ್ಕೊಳ್ಳೋ ಹಾಗಿಲ್ಲ. ಅದಕ್ಕೂ ಕಾನೂನಿದೆ."

"ಸೇರಿಸ್ಕೋಬೇಡ್ರಿ. ಕೂರಿಸ್ಕೊಳ್ರಿ."

ಮೇಷ್ಟ್ರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ತಲೆಯಲ್ಲಾಡಿಸಿದರು. "ಮಧ್ಯಾಹ್ನದ ಅನ್ನ ಹೆಸರಿದ್ದವರಿಗೆ ಮಾತ್ರ ಬರುತ್ತೆ. ಪುಸ್ತಕನೂ ಅಷ್ಟೇ. ಸಾಹೇಬರು ತಪಾಸಣೆಗೆ ಬಂದರೆ ಇವಳು ಎದ್ದು ಹೊರಗೆ ಹೋಗಬೇಕಾಗುತ್ತೆ."

"ಹೋಗ್ತಾಳೆ. ಹೋಗಿ ಮತ್ತೆ ಬರ್ತಾಳೆ."

ಎಂಟನೇ ತರಗತಿಯ ಪುಸ್ತಕಗಳನ್ನು ಮೇಷ್ಟ್ರು ಲಾರಿ ಸ್ಟ್ಯಾಂಡಿನಾಚೆಯ ಹೈಸ್ಕೂಲಿನಿಂದ ತಾವೇ ಕಾಡಿ ತಂದರು. ಉಳಿದವರು ಲೆಕ್ಕ ಮಾಡುವ ಹೊತ್ತಿನಲ್ಲಿ ನನಗೆ ಬೇರೆ ಪಾಠ. ಮಕ್ಕಳನ್ನೆಲ್ಲ ಅವರು ಆ ಗೋಡೆಯಿಂದ ದೂರ, ಬಾಗಿಲ ಕಡೆ ಕೂರಿಸಿದ್ದರು. ಎರಡು ಮಳೆಗಾಲ ಕಳೆದರೂ ಅವ್ವ ಮೆತ್ತಿದ ಬಿರುಕು ಕೂದಲೆಳೆಯಷ್ಟೂ ಬಾಯಿ ಬಿಟ್ಟಿರಲಿಲ್ಲ. ಅವಳು ನನಗೆ ಬುತ್ತಿ ಕೊಡಲು ಬಂದಾಗಲೆಲ್ಲ ಹೊರಗಿನಿಂದ ಆ ಗೋಡೆಯನ್ನು ಒಮ್ಮೆ ದಿಟ್ಟಿಸಿ ಭಟ್ಟಿಗೆ ತಿರುಗುತ್ತಿದ್ದಳು.

ಮೊದಲ ದಿನದ್ದು ಹೇಳದೆ ಮುಗಿಸಲಾರೆ. ಮೇಷ್ಟ್ರು ಹಾಜರಿ ಕರೆಯತೊಡಗಿದರು. ಒಬ್ಬೊಬ್ಬರೇ ಎದ್ದು "ಹಾಜರ್ ಸಾರ್" ಎಂದು ಕೂತರು. ಕೊನೆಯ ಹೆಸರೂ ಆಯಿತು. ನನ್ನ ಹೆಸರು ಅಲ್ಲಿರಲಿಲ್ಲ, ಇರುವ ಹಾಗೂ ಇರಲಿಲ್ಲ. ನಾನು ತಲೆ ತಗ್ಗಿಸಿ ನೆಲದ ಬಂಡೆಯನ್ನು ಉಗುರಿನಿಂದ ಕೆರೆಯುತ್ತಿದ್ದೆ. ಮೇಷ್ಟ್ರು ಪುಸ್ತಕ ಮುಚ್ಚಲಿಲ್ಲ. ಪೆನ್ನನ್ನು ಗಾಳಿಯಲ್ಲೇ ಹಿಡಿದು, ಒಂದು ಹೆಸರು ಕರೆಯಲು ಬೇಕಾಗುವಷ್ಟು ಹೊತ್ತು ಸುಮ್ಮನಿದ್ದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನು ಎದ್ದು ನಿಂತೆ.

"ಹಾಜರ್ ಸಾರ್."

ಅವರು ಪುಸ್ತಕ ಮುಚ್ಚಿದರು.