ಲಿಸ್ಟರನ ಪನ್ನೀರು

ವೇದಿಕೆಯ ಮೇಲೆ ಎಂಟು ವರ್ಷದ ಮೇಧಾ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಕೆನ್ನೆಗೆ ಅಂಟಿಸಿದ್ದ ಹತ್ತಿಯ ಗಡ್ಡ ಒಂದು ಕಡೆ ಕಳಚಿ ನೇತಾಡುತ್ತಿತ್ತು. ಮೊದಲ ಸಾಲಿನಲ್ಲಿದ್ದ ಅವಳ ಅಜ್ಜ, ಗದಗಿನ ನಿವೃತ್ತ ಸರ್ಜನ್ ವೀರಭದ್ರಪ್ಪ, ತಾವೇ ಮಾತು ಮರೆತವರಂತೆ ಕುರ್ಚಿಯ ತುದಿಗೆ ಸರಿದರು.

ಸ್ಯಾನ್ ಡಿಯಾಗೋ ಕನ್ನಡಿಗರ ರಾಜ್ಯೋತ್ಸವದ ಛದ್ಮವೇಷ ಸ್ಪರ್ಧೆ ಅದು. ಅದಾಗಲೇ ಮೂವರು ಕಿತ್ತೂರು ಚೆನ್ನಮ್ಮಂದಿರು ಕತ್ತಿ ಬೀಸಿ ಚಪ್ಪಾಳೆ ಗಿಟ್ಟಿಸಿ ಹೋಗಿದ್ದರು. ಇವಳು ಡಾಕ್ಟರ್ ಲಿಸ್ಟರ್ ಆಗಲಿ ಎಂದು ಹಟ ಹಿಡಿದದ್ದು ಅಜ್ಜನೇ. ಸರ್ಜನ್‌ಗಳು ರಕ್ತ ಮೆತ್ತಿದ ಕೋಟನ್ನು ಬಿರುದಿನಂತೆ ಮೆರೆಸುತ್ತಿದ್ದ ಕಾಲದಲ್ಲಿ, ಗಾಯ ಕೊಳೆಯುವುದು ಕಣ್ಣಿಗೆ ಕಾಣದ ಕ್ರಿಮಿಯಿಂದ ಎಂದು ನಂಬಿ ಕಾರ್ಬಾಲಿಕ್ ಆಸಿಡ್ ಸಿಂಪಡಿಸಿದ ಆ ಪುಣ್ಯಾತ್ಮನ ಕಥೆಯನ್ನು ಕಾರ್ಮೆಲ್ ವ್ಯಾಲಿಯ ಮಗಳ ಮನೆಯಲ್ಲಿ ದಿನವೂ ಹೇಳಿಕೊಟ್ಟಿದ್ದರು. ಮೊಮ್ಮಗಳು ಎಲ್ಲ ಕೇಳಿಸಿಕೊಂಡು, "ಓಕೆ ಅಜ್ಜಾ, ಐ ಗಾಟ್ ಇಟ್" ಎಂದು ಎದ್ದು ಹೋಗುತ್ತಿದ್ದಳು. ಮುಂದಿನ ವಾರ ಅವರು ಊರಿಗೆ ಹೊರಡುವವರು. ಅಷ್ಟರೊಳಗೆ ಒಮ್ಮೆಯಾದರೂ ಅವಳ ಬಾಯಲ್ಲಿ ಕನ್ನಡ ಕೇಳಬೇಕೆಂಬುದೊಂದೇ ಅಜ್ಜನ ಆಸೆ.

ಎಡವಟ್ಟು ಮಾಡಿದವರೂ ಅವರೇ. ಸಿಂಪಡಿಸುವ ಬಾಟಲಿಯನ್ನು ಮನೆಯಲ್ಲಿ ಮರೆತು ಬಂದು, ಸ್ವಾಗತದ ಮೇಜಿನ ಮೇಲಿದ್ದ ಬೆಳ್ಳಿಯ ಪನ್ನೀರುದಾನಿಯನ್ನೇ ಎತ್ತಿ ಅವಳ ಕೈಗೆ ಕೊಟ್ಟಿದ್ದರು.

ಮಾತು ಹೊಳೆಯದ ಮೇಧಾ ಕೈಯಲ್ಲಿದ್ದುದನ್ನೇ ನೆಚ್ಚಿ, ಮೆಟ್ಟಿಲಿಳಿದು ಬಂದು ಮೊದಲ ಸಾಲಿನವರ ಮೇಲೆ ಚಿಮುಕಿಸಿದಳು. ಕ್ರಿಮಿಗಳೇನೋ ಸಾಯಬೇಕಿತ್ತು, ಆದರೆ ಪನ್ನೀರು ಬಿದ್ದರೆ ನಮ್ಮವರ ತಲೆ ತಾನಾಗಿ ಬಾಗುತ್ತದೆ. ಲಾಸ್ ಏಂಜಲಿಸ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಕಲಾವತಿ ಸೆರಗು ಸರಿಪಡಿಸಿಕೊಂಡು ನಮಸ್ಕರಿಸಿದರು. ಪಕ್ಕದವರು ಮದುವೆಮನೆಗೆ ಬಂದವರಂತೆ ಕಲ್ಲುಸಕ್ಕರೆಗೆ ಕೈಯೊಡ್ಡಿದರು.

"ನಂಗಿನ್ನೊಂಚೂರು ಹಾಕು ಪುಟ್ಟಿ, ಘಮ್ ಅಂತಿದೆ," ಎಂದರು ಕಲಾವತಿ.

ಮೇಧಾಳ ಮುಖ ಕೆಂಪಾಯಿತು. ಅವಳ ಲಿಸ್ಟರನಿಗೆ ಇಂಥ ಅವಮಾನವೇ?

"ಇದು ಪನ್ನೀರಲ್ರೀ ಆಂಟಿ, ಔಷಧ ಐತಿ. ನಿಮ್ಮ ಕೈಯಾಗ ಹುಳಾ ಅದಾವ, ಕಣ್ಣಿಗೆ ಕಾಣಂಗಿಲ್ಲ. ಮೊದ್ಲು ಹೋಗಿ ಕೈ ತೊಕ್ಕೊಂಡ್ ಬರ್ರಿ. ಎಲ್ಲಾರೂ."

ವೀರಭದ್ರಪ್ಪ ಬಾಯಿಪಾಠ ಮಾಡಿಸಿದ್ದು ಅಚ್ಚ ಪುಸ್ತಕದ ಕನ್ನಡ. ಇದು ಅದಲ್ಲ. ಇದು ಅವರು ಅಡುಗೆಮನೆಯಲ್ಲಿ, ಫೋನಿನಲ್ಲಿ, ಮಗಳೊಡನೆ ಜಗಳವಾಡುವಾಗ ಆಡುತ್ತಿದ್ದ ಗದಗಿನ ಮಾತು. ಹುಡುಗಿ ಎಲ್ಲವನ್ನೂ ಕಿವಿಯಲ್ಲಿ ತುಂಬಿಕೊಂಡಿದ್ದಳು! ಅಜ್ಜನ ಎದೆ ತುಂಬಿ ಬಂತು.

ಸಭೆ ಗೊಳ್ಳೆಂದಿತು. ನಗುತ್ತಲೇ ಕಲಾವತಿ ಎದ್ದರು, ಹಿಂದೆಯೇ ಇಡೀ ಸಾಲು ಎದ್ದಿತು. ಬದುಕಿಡೀ ಆಪರೇಷನ್‌ಗೆ ಮುಂಚೆ ಕೈ ತೊಳೆದಿದ್ದ ವೀರಭದ್ರಪ್ಪನವರೂ ಜುಬ್ಬದ ತೋಳನ್ನು ಮೊಣಕೈವರೆಗೆ ಮಡಚಿಕೊಂಡು, ನಲ್ಲಿಯ ಮುಂದಿನ ಸರದಿಯಲ್ಲಿ ಎಲ್ಲರಿಗಿಂತ ಹಿಂದೆ ಹೋಗಿ ನಿಂತರು.