ಓಡಿಹೋದವರ ಪಟ್ಟಿ

"ಇವನು ಹತ್ತನೇ ಕ್ಲಾಸಿಂದ ಓಡಿಹೋದ, ಈಗ ಕೋಟೆಯಿಂದಾನೂ ಓಡಿಹೋದ. ಅಭ್ಯಾಸಬಲ ಕಣ್ರಪ್ಪ, ಬೈಬೇಡಿ ಪಾಪ."

ಎರಲ್ ಬೆಸ್ವಿಕ್ ಇದನ್ನು ಹೇಳಿದಾಗ ಅವನ ಕೈಯಲ್ಲಿ ಇಕ್ಕಳವಿತ್ತು, ಇಕ್ಕಳದ ತುದಿಯಲ್ಲಿ ಒಂದು ಸಾಸೇಜ್ ಇತ್ತು. ಮರ್ವ್ ಟ್ಯಾಟ್ಲೋನ ಹಿತ್ತಲಿನಲ್ಲಿ ಒಲೆಯ ಸುತ್ತ ನಿಂತಿದ್ದ ಹದಿನೈದು ಜನ ಒಟ್ಟಿಗೆ ನಕ್ಕರು. ನಾನು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಎರಲ್ ಆ ಸಾಸೇಜನ್ನು ನನ್ನ ತಟ್ಟೆಗೇ ಹಾಕಿದ. ಅವಮಾನವನ್ನೂ ಊಟವನ್ನೂ ಒಂದೇ ಕೈಯಲ್ಲಿ ಬಡಿಸುವ ಕಲೆ ಮೇಷ್ಟರುಗಳಿಗೆ ಮಾತ್ರ ಗೊತ್ತಿರುತ್ತದೆ. ನಮ್ಮ ಬರ್ನಿ ಊರಿನ ಹೈಸ್ಕೂಲಿನಲ್ಲಿ ಅವನು ನನಗೆ ಎರಡು ವರ್ಷ ಲೆಕ್ಕ ಹೇಳಿದವನು. ನಾನು ಹದಿನೈದಕ್ಕೇ ಶಾಲೆ ಬಿಟ್ಟು ಕಾಗದದ ಕಾರ್ಖಾನೆ ಸೇರಿ ಆರು ವರ್ಷವಾಯಿತು. ಇಂದಿಗೂ ಅಂಗಡಿಯಲ್ಲಿ ಎದುರಾದರೆ ಏಳೆಂಟ್ಲಿ ಎಷ್ಟು ಎಂದು ಕೇಳುತ್ತಾನೆ. ಉತ್ತರ ನನಗೆ ಗೊತ್ತು. ಹೇಳುವುದಿಲ್ಲ, ಅಷ್ಟೆ.

ಆ ದಿನ ಮರ್ವ್‌ನ ಬೋರ್ಡು, ಅಂದರೆ ನಾವೆಲ್ಲ ಫೋನ್ ಹಚ್ಚಿ ಕೋಟೆಯ ಆಟ ಆಡುತ್ತಿದ್ದ ಅವನ ಕಂಪ್ಯೂಟರ್, ಮುಚ್ಚುವ ದಿನವಾಗಿತ್ತು. ಸಂಜೆ ನಾಲ್ಕು ಗಂಟೆಗೆ ಕೋಟೆಯ ಇತಿಹಾಸವನ್ನು ಮರ್ವ್ ಅಚ್ಚು ಹಾಕಿ ಆಟಗಾರರಿಗೆಲ್ಲ ಒಂದೊಂದು ಪ್ರತಿ ಕೊಡುವವನಿದ್ದ. ಮೂವತ್ತೆರಡು ಪುಟ. ಕೊನೆಯ ಪುಟದಲ್ಲಿ ಎರಡು ಪಟ್ಟಿಗಳು, ಎಡಕ್ಕೆ ರಾಜರು, ಬಲಕ್ಕೆ ಓಡಿಹೋದವರು. ಬಲಗಡೆಯ ಕಟ್ಟಕಡೆಯ ಸಾಲಿನಲ್ಲಿ ನನ್ನ ಹೆಸರಿತ್ತು, ಡಾರ್ಸಿ ಕ್ರಿಸ್ಪ್. ನಾನು ದಿನಕ್ಕೆ ಎಂಟು ಗಂಟೆ ಕಾಗದ ಮಾಡುವವನು. ಟನ್ನುಗಟ್ಟಲೆ ಕಾಗದ ನನ್ನ ಕಣ್ಣೆದುರು ಸುತ್ತಿಕೊಂಡು ಹೋಗಿದೆ, ಅದರಲ್ಲಿ ಒಂದು ಹಾಳೆಯ ಮೇಲೂ ನನ್ನ ಹೆಸರು ಅಚ್ಚಾಗಿರಲಿಲ್ಲ. ಮೊದಲ ಸಲ ಅಚ್ಚಾಗುವುದು ಇಲ್ಲಿ ಎಂದರೆ ಮೈ ಉರಿಯುವುದಿಲ್ಲವೆ? ನಾಲ್ಕು ಗಂಟೆಯೊಳಗೆ ಆ ಸಾಲನ್ನು ಅಳಿಸಬೇಕಿತ್ತು. ನಾನು ಅಲ್ಲಿಗೆ ಹೋದದ್ದೇ ಅದಕ್ಕೆ, ಸಾಸೇಜ್ ತಿನ್ನುವುದಕ್ಕಲ್ಲ.

ಕೋಟೆಯ ಕತೆ ಇಷ್ಟು. ರೈಲ್ವೆಯ ಸಿಗ್ನಲ್ ಮನೆಯಿಂದ ನಿವೃತ್ತನಾದ ಮರ್ವ್‌ಗೆ ಕೈ ಸುಮ್ಮನಿರುತ್ತಿರಲಿಲ್ಲ. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಒಂದು ಹಳೆಯ ಕಂಪ್ಯೂಟರ್ ಕೊಂಡು, ಅದಕ್ಕೊಂದು ಮೋಡೆಮ್ ಸಿಕ್ಕಿಸಿ, ಅದಕ್ಕೇ ಬೇರೆ ಫೋನ್ ಲೈನ್ ಹಾಕಿಸಿ, ಹಿಂದಿನ ಕೋಣೆಯಲ್ಲಿಟ್ಟ. ಊರಿನಲ್ಲಿ ಕಂಪ್ಯೂಟರ್ ಇದ್ದ ಯಾರಾದರೂ ಆ ನಂಬರಿಗೆ ಫೋನ್ ಹಚ್ಚಿ ಒಳಗೆ ಹೋಗಬಹುದಿತ್ತು, ಒಬ್ಬರಿಗೊಬ್ಬರು ಓಲೆ ಬರೆದಿಡಬಹುದಿತ್ತು. ಆಮೇಲೆ ಮರ್ವ್ ತಾನೇ ಕೂತು ಆಟ ಬರೆದ, 'ಏಳು ಬಾಗಿಲ ಕೋಟೆ'. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. 'ನೀನು ಮೂರನೇ ಬಾಗಿಲಲ್ಲಿ ನಿಂತಿದ್ದೀಯ. ಕತ್ತಲು. ಯಾರೋ ಗೊರಕೆ ಹೊಡೆಯುತ್ತಿದ್ದಾರೆ.' ಲೈನ್ ಒಂದೇ ಆದ್ದರಿಂದ ಒಳಗೆ ಒಬ್ಬನೇ ಇರಲು ಸಾಧ್ಯ, ಉಳಿದವರಿಗೆ ಎಂಗೇಜ್ ಸದ್ದು. ಹಾಗಾಗಿ ಯಾವ ಯುದ್ಧದಲ್ಲೂ ಎದುರಾಳಿ ಎಚ್ಚರವಾಗಿರುತ್ತಿರಲಿಲ್ಲ. ಮಲಗಿದವನ ಮೇಲೆ ಬೀಳುವುದು, ಮರುದಿನ ಅವನು ಫೋನ್ ಹಚ್ಚಿ ತಾನು ಸತ್ತ ಸುದ್ದಿ ಓದುವುದು. ಹತ್ತು ವರ್ಷ ಈ ಊರಿನ ದೊಡ್ಡ ಮನುಷ್ಯರೆಲ್ಲ ಹೀಗೆ ನಿದ್ದೆಯಲ್ಲೇ ಸತ್ತರು.

ಆ ಕೋಟೆಯ ಒಂದೊಂದು ಕಾನೂನೂ ಒಂದೊಂದು ಜಗಳದಿಂದ ಹುಟ್ಟಿದ್ದು. ದಿನಕ್ಕೆ ಹನ್ನೆರಡೇ ನಡೆ ಎಂಬ ಕಾನೂನು ಬಂದದ್ದು, ಔಷಧಿ ಅಂಗಡಿಯವನು ಆರು ಗಂಟೆ ಲೈನ್ ಹಿಡಿದು ಕೂತು ಎಲ್ಲರನ್ನೂ ಕೊಂದು ಮುಗಿಸಿದ್ದಕ್ಕೆ. ಬೋರ್ಡು ನಡೆಸುವವನ ಮನೆಯವರು ಆಡಕೂಡದು ಎಂಬುದು, ಮರ್ವ್‌ನ ತಮ್ಮ ಕೆನ್ ಒಂದು ಬೆಳಿಗ್ಗೆ ದಿಢೀರನೆ ಮೂರು ಡ್ರ್ಯಾಗನ್‌ಗಳ ಒಡೆಯನಾಗಿ ಎದ್ದದ್ದಕ್ಕೆ. ಸೋಲುವ ಹೊತ್ತಿಗೆ ಸರಿಯಾಗಿ ಫೋನಿನ ವಯರು ಕೀಳುವ ಚಾಳಿ ಶುರುವಾದಾಗ ಮೂರನೆಯದು ಬಂತು. ಯುದ್ಧದ ನಡುವೆ ಲೈನ್ ಕಡಿದರೆ ಓಡಿಹೋದ ಹಾಗೆ. ಬಲ ಅರ್ಧ ಹೋಗುತ್ತದೆ, ಮರುಬೆಳಿಗ್ಗೆಯ ಕೋಟೆ ವಾರ್ತೆಯಲ್ಲಿ 'ಇಂಥವನು ಚಡ್ಡಿ ಬಿಟ್ಟು ಓಡಿದ' ಎಂದು ಬರುತ್ತದೆ, ಹೆಸರು ಪಟ್ಟಿ ಸೇರುತ್ತದೆ.

ಇದಕ್ಕೂ ಒಂದು ಬಾಲಂಗೋಚಿ ಇತ್ತು. ನಾನು ಓಡಲಿಲ್ಲ, ನಮ್ಮಮ್ಮ ಫೋನ್ ಎತ್ತಿದಳು, ಅದಕ್ಕೇ ಲೈನ್ ಹೋಯಿತು ಎಂದು ಎಲ್ಲರೂ ಹೇಳತೊಡಗಿದರು. ಮರ್ವ್ ಯೋಚಿಸಿ ಒಂದು ತೀರ್ಪು ಕೊಟ್ಟ. ಫೋನ್ ಎತ್ತಿಯೋ ಮಾಡಿಯೋ ಲೈನ್ ಕಡಿಸಿದವರು ಖುದ್ದಾಗಿ ಬಂದು ಒಪ್ಪಿಕೊಳ್ಳಬೇಕು, ಆಗ ಮಾತ್ರ ಹೆಸರು ಪಟ್ಟಿಯಿಂದ ಅಳಿಯುತ್ತದೆ. ಆಮೇಲಿಂದ ಭಾನುವಾರದ ಬೆಳಿಗ್ಗೆ ಚರ್ಚ್ ಮುಗಿಸಿದ ತಾಯಂದಿರು ಮರ್ವ್‌ನ ಬಾಗಿಲಲ್ಲಿ ಸಾಲು ನಿಲ್ಲತೊಡಗಿದರು. ಟೋಪಿ ಹಾಕಿಕೊಂಡು, ಕೈಚೀಲ ಹಿಡಿದು, 'ಹೌದಪ್ಪ, ನಮ್ಮವನು ಆಟದಲ್ಲಿ ಗಿಡುಗನ ಜೊತೆ ಕಾದಾಡುವಾಗ ನಾನೇ ನಮ್ಮಕ್ಕನಿಗೆ ಫೋನ್ ಮಾಡೋಕೆ ಹೋದೆ' ಎಂದು ಸಾಕ್ಷಿ ಹೇಳಿ ಹೋಗುತ್ತಿದ್ದರು. ಎರಲ್‌ನ ತಾಯಿ ನಾಲ್ಕು ಸಲ ಬಂದಿದ್ದಾಳೆ. ನಾಲ್ಕೂ ಸಲ ಸುಳ್ಳು ಎಂದು ಇಡೀ ಊರಿಗೆ ಗೊತ್ತು.

ನನ್ನ ಕತೆ ನಡೆದದ್ದು ಆ ಮಂಗಳವಾರ, ಬೋರ್ಡು ಮುಚ್ಚಲು ನಾಲ್ಕು ದಿನ ಉಳಿದಿದ್ದಾಗ. ಬಲದ ಲೆಕ್ಕದಲ್ಲಿ ನಾನು ಮೊದಲನೆಯವನು, ಆಟದಲ್ಲಿ 'ಕಬ್ಬಿಣದ ದವಡೆ' ಎಂದು ಹೆಸರಿಟ್ಟುಕೊಂಡವನು ಎರಡನೆಯವನು. ಐದು ವರ್ಷದಿಂದ ಆಡುತ್ತಿದ್ದ ಅವನನ್ನು ಯಾರೂ ಕಂಡವರಿಲ್ಲ. ಪಕ್ಕದ ವಿನ್ಯಾರ್ಡ್ ಊರಿನ ಕಡೆಯ ಬಂದರಿನ ಆಳು, ಹೆಚ್ಚು ಮಾತಿಲ್ಲದ ಗಟ್ಟಿ ಗಂಡಸು ಎಂದು ಮರ್ವ್ ಹೇಳುತ್ತಿದ್ದ. ಮರ್ವ್‌ಗೆ ಅವನೆಂದರೆ ಪ್ರಾಣ. ಇಬ್ಬರೂ ಬೋರ್ಡಿನಲ್ಲಿ ಉದ್ದುದ್ದ ಓಲೆ ಬರೆದುಕೊಳ್ಳುತ್ತಿದ್ದರು. ಆ ಸಂಜೆ ನಾನು ಏಳನೇ ಬಾಗಿಲಲ್ಲಿ ಅವನು ಮಲಗಿದ್ದಾಗ ಮೇಲೆ ಬಿದ್ದೆ. ಇನ್ನೊಂದು ಏಟು ಹಾಕಿದ್ದರೆ ಮುಗಿಯುತ್ತಿತ್ತು. ಆಗ ಫೋನಿನಲ್ಲಿ ಟಿಕ್ ಎಂದಿತು, ಪರದೆ ಸತ್ತಿತು.

ತಪ್ಪು ನನ್ನದೇ. ಮಾತಾಡುತ್ತಿರುವಾಗ ಇನ್ನೊಂದು ಕರೆ ಬಂದರೆ ಟಿಕ್ ಎನ್ನುವ ಹೊಸ ಸೌಲಭ್ಯವನ್ನು ನಾನು ಹಾಕಿಸಿಕೊಂಡಿದ್ದೆ. ಆ ಟಿಕ್ ಕೇಳಿದರೆ ಮೋಡೆಮ್ಮಿಗೆ ಲೈನ್ ಹೋಯಿತೆಂದೇ ಅರ್ಥ. ಬೋರ್ಡಿಗೆ ಹೋಗುವ ಮೊದಲು ನಾಲ್ಕು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಬೇಕು. ಅವತ್ತು ಒತ್ತಲಿಲ್ಲ. ಫೋನ್ ಬಡಿದುಕೊಳ್ಳತೊಡಗಿತು. ಎತ್ತಿ ಯಾರು ಎಂದೆ. ಆಚೆ ಯಾರೋ ಉಸಿರು ಬಿಟ್ಟರು, ಫೋನ್ ಇಟ್ಟರು. ನಾನು ನಾಲ್ಕನೆಯವನಾದೆ, ದವಡೆ ರಾಜನಾದ. ನಮ್ಮಮ್ಮನನ್ನು ಕೇಳಿದರೆ, ತಾನು ಫೋನ್ ಮಾಡಿಲ್ಲ, ಮಾಡಿದೆನೆಂದು ಸುಳ್ಳು ಹೇಳುವುದೂ ಇಲ್ಲ ಎಂದಳು. ಇಡೀ ಊರಿನಲ್ಲಿ ಒಬ್ಬಳೇ ಒಬ್ಬಳು ಸತ್ಯವಂತ ತಾಯಿ, ಅವಳು ನನ್ನ ಪಾಲಿಗೇ ಬಂದಿದ್ದಾಳೆ.

ಸಾಸೇಜನ್ನು ಎರಲ್‌ನ ನಾಯಿಗೆ ಹಾಕಿ ನಾನು ಅಡುಗೆಮನೆಗೆ ಹೋದೆ. ಅಲ್ಲಿದ್ದರೆ ಅವನಿಗೆ ಬಾರಿಸಿಬಿಡುತ್ತಿದ್ದೆ. ಮರ್ವ್‌ನ ಹೆಂಡತಿ ನೋಲೀನ್ ಪಾವ್ಲೋವಾ ಕೇಕಿನ ಮೇಲೆ ಕೆನೆ ಹರಡುತ್ತಿದ್ದಳು. ಬೋರ್ಡಿಗೆ ಹೊಸಬರು ಸೇರಿದಾಗ ಫೋನ್ ಮಾಡಿ, ನಿಜವಾದ ಮನುಷ್ಯರೋ ಅಲ್ಲವೋ ಎಂದು ವಿಚಾರಿಸುವ ಕೆಲಸ ಅವಳದು. ಹಾಗಾಗಿ ನಮ್ಮೆಲ್ಲರ ನಂಬರೂ ಅವಳಿಗೆ ಬಾಯಿಪಾಠ. ಉಳಿದಂತೆ ಅವಳನ್ನು ನಾವು ಟೀ ತರುವವಳು ಎಂದಷ್ಟೇ ಬಲ್ಲೆವು. ನಾನು ಎರಲ್‌ನನ್ನು ಬೈದೆ, ಫೋನ್ ಮಾಡಿದವನ ವಂಶವನ್ನೇ ಬೈದೆ. ಅವಳು ಕೆನೆ ಹರಡುತ್ತಲೇ ಹೂಂಗುಟ್ಟುತ್ತಿದ್ದಳು.

"ಅನ್ಯಾಯ ಕಣೋ ಮಗನೇ," ಎಂದಳು. "ನಿಂಗೆ ಇನ್ನೂ ಮೂವತ್ತೊಂದು ಉಳಿದಿತ್ತು, ಆ ಕಡೆ ಬರೀ ಒಂಬತ್ತು. ಬೆಳ್ಳಿ ಕೊಡಲಿ ಬೇರೆ."

ನಾನು ಯಾರಿಗೂ ಈ ಲೆಕ್ಕ ಹೇಳಿರಲಿಲ್ಲ. ಮಲಗಿದ್ದವನ ಮೇಲೆ ಯಾರು, ಯಾವ ಆಯುಧ ಹಿಡಿದು, ಎಷ್ಟು ಬಲ ಉಳಿಸಿಕೊಂಡು ಬಿದ್ದರು ಎಂಬುದನ್ನು ಆಟ ಆ ಮಲಗಿದ್ದವನಿಗೆ ಮಾತ್ರ ತೋರಿಸುತ್ತದೆ. ನಾನು ಅವಳನ್ನೇ ನೋಡಿದೆ. ಅವಳು ಚಮಚ ಕೆಳಗಿಟ್ಟಳು, ಹಿತ್ತಲ ಬಾಗಿಲನ್ನು ಕಾಲಿನಿಂದ ಮುಚ್ಚಿದಳು.

ಆಮೇಲೆ ತಾನೇ ಎಲ್ಲ ಹೇಳಿದಳು. ಹೆಣಿಗೆಯ ನಮೂನೆ ಇಟ್ಟುಕೊಳ್ಳಲು ಎಂದು ಮರ್ವ್ ಕೊಟ್ಟ ಹಳೆಯ ಕಂಪ್ಯೂಟರ್ ಹೊಲಿಗೆ ಕೋಣೆಯಲ್ಲಿತ್ತು. ಅವನು ಕ್ಲಬ್ಬಿಗೆ ಬೌಲ್ಸ್ ಚೆಂಡಾಟ ಆಡಲು ಹೋದಾಗ ಅವಳು ಮನೆಯ ಫೋನಿನಿಂದ ಬೋರ್ಡಿಗೆ ಫೋನ್ ಹಚ್ಚುತ್ತಿದ್ದಳು. ಕರೆ ಕಿಟಕಿಯಿಂದ ಹೊರಟು, ಗುಡ್ಡದ ಮೇಲಿನ ಟೆಲಿಫೋನ್ ಎಕ್ಸ್‌ಚೇಂಜ್ ಹತ್ತಿ, ಇಳಿದು ಬಂದು ಪಕ್ಕದ ಕೋಣೆಯನ್ನೇ ಸೇರುತ್ತಿತ್ತು. ಕಬ್ಬಿಣದ ದವಡೆ ನಿಜವಾದ ಮನುಷ್ಯನೋ ಎಂದು ವಿಚಾರಿಸಿದವಳೂ ಅವಳೇ, ಹೌದು ಎಂದು ಬರೆದುಕೊಟ್ಟವಳೂ ಅವಳೇ. ಮಂಗಳವಾರ ಹಿಂದಿನ ಕೋಣೆಯ ಧೂಳು ಹೊಡೆಯಲು ಹೋಗಿದ್ದಾಳೆ. ಬೋರ್ಡಿನ ಪರದೆಯಲ್ಲಿ ನಾನು ಅವಳನ್ನು ಕಡಿಯುತ್ತಿರುವುದು ಸಾಲು ಸಾಲಾಗಿ ಬರುತ್ತಿದೆ. ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು ಅಡುಗೆಮನೆಗೆ ಓಡಿ ನನ್ನ ನಂಬರ್ ಒತ್ತಿದ್ದಾಳೆ.

"ಇನ್ನೊಂದು ಏಟಿಗೆ ಸತ್ತೋಗ್ತಿದ್ದೆ ಕಣೋ. ನನ್ನ ಜಾಗದಲ್ಲಿ ನೀನಿದ್ರೆ ಮಾಡ್ತಿರ್ಲಿಲ್ವಾ?"

ಮಾಡುತ್ತಿದ್ದೆ. ಎರಡು ನಿಮಿಷ ಮೊದಲೇ ಮಾಡುತ್ತಿದ್ದೆ. ಆದರೆ ಅದನ್ನು ಹೇಳುವ ಮನಸ್ಸಾಗಲಿಲ್ಲ. ನನ್ನ ಹೆಸರು ಶಾಶ್ವತವಾಗಿ ಅಚ್ಚಾಗುತ್ತದೆ, ಅದೂ ಎರಲ್ ಎದುರಿಗೆ, ನೀವು ಕೆನೆ ಬಳಿಯುತ್ತ ಕೂತಿದ್ದೀರಿ ಎಂದು ಕೂಗಾಡಿದೆ. ಅವಳು ಬೇಡವೆನ್ನಲಿಲ್ಲ, ಅಳಲೂ ಇಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ನೀನು ಹೂಂ ಅನ್ನು, ಈಗ್ಲೇ ಬಂದು ಎಲ್ರೆದುರು ಒಪ್ಕೋತೀನಿ. ಮನೆಯವರು ಆಡಬಾರ್ದು ಅನ್ನೋ ಕಾನೂನು ಇದೆ, ನನ್ನ ಹೆಸರು ಹೊಡೆದು ಹಾಕ್ತಾರೆ. ಹಾಕ್ಲಿ ಬಿಡು. ಅದಕ್ಕಲ್ಲ ನಂಗೆ." ಸ್ಟ್ರಾಬೆರಿಯ ಬಟ್ಟಲನ್ನು ಹತ್ತಿರ ಎಳೆದುಕೊಂಡಳು. "ಅವರು ದವಡೆಗೆ ಓಲೆ ಬರೀತಾರಲ್ಲ. ಆಸ್ಪತ್ರೆಗೆ ಹೋಗ್ಬೇಕು, ಭಯ ಆಗುತ್ತೆ, ನೋಲೀನ್‌ಗೆ ಹೇಳಿಲ್ಲ ಅಂತ ಬರ್ದಿದ್ರು ಹೋದ ಚಳಿಗಾಲ. ನಲವತ್ತು ವರ್ಷದಲ್ಲಿ ನನ್ನ ಹತ್ರ ಒಂದಿನ ಭಯ ಅಂದವರಲ್ಲ. ಓದ್ತಾ ಇದ್ದದ್ದು ಯಾರು ಅಂತ ಗೊತ್ತಾದ್ರೆ ಆ ಮನುಷ್ಯ ಮತ್ತೆ ಯಾರ ಹತ್ರಾನೂ ಬಾಯಿ ಬಿಡಲ್ಲ."

ನನಗೆ ಇನ್ನೂ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು, ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ಅವಳೇನಾದರೂ ಕೈಮುಗಿದಿದ್ದರೆ, ಬೇಡಿಕೊಂಡಿದ್ದರೆ, ಆಗುವುದಿಲ್ಲ ಎನ್ನುವುದು ಎಷ್ಟು ಸುಲಭವಿತ್ತು. ಅವಳು ಪಾವ್ಲೋವಾದ ಮೇಲೆ ಒಂದೊಂದೇ ಸ್ಟ್ರಾಬೆರಿ ಇಡುತ್ತ ನನ್ನ ಉತ್ತರಕ್ಕೆ ಕಾದಳು. ಅದರಲ್ಲೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು ನಾನು ಹೊರಗೆ ಬಂದೆ.

ನಾಲ್ಕಕ್ಕೆ ಐದು ನಿಮಿಷವಿತ್ತು. ಮರ್ವ್ ಕರಡಿನ ಕೊನೆಯ ಹಾಳೆ ಹಿಡಿದು ನೀರಿನ ತೊಟ್ಟಿಯ ಪಕ್ಕ ನಿಂತಿದ್ದ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್. ಎಲ್ಲರೂ ಸುತ್ತ ಸೇರಿದ್ದರು. ಮೊದಲು ಅವನು ರಾಜರ ಹೆಸರು ಓದಿದ. ಕಡೆಯ ರಾಜ ಕಬ್ಬಿಣದ ದವಡೆ ಎಂದವನು ಹಾಳೆಯಿಂದ ತಲೆ ಎತ್ತಿ ಗೇಟಿನ ಕಡೆ ನೋಡಿದ. ಅವನೊಬ್ಬ ಇವತ್ತಾದರೂ ಬರಬಹುದೆಂದು ಕಾದೆ, ನಾಚಿಕೆಯ ಮನುಷ್ಯ, ಇಂಥ ಗೆಳೆಯ ನನಗೆ ಮೊದಲು ಇರಲಿಲ್ಲ ಎಂದ. ನೋಲೀನ್ ತಟ್ಟೆ ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಮೆಟ್ಟಿಲು ಇಳಿಯಲಿಲ್ಲ.

ಆಮೇಲೆ ಓಡಿಹೋದವರ ಪಟ್ಟಿ ಬಂತು. ಎರಲ್‌ಗೆ ಅದನ್ನು ತಾನೇ ಓದುವ ಆಸೆ. ಮರ್ವ್ ಕೊಡಲಿಲ್ಲ. ಓದುತ್ತಾ ಹೋಗಿ ಕೊನೆಯ ಸಾಲಿಗೆ ಬಂದು ನಿಲ್ಲಿಸಿದ, ಪೆನ್ಸಿಲ್ ಕೈಗೆ ತೆಗೆದುಕೊಂಡ.

"ಡಾರ್ಸಿ, ನೀನು ಓಡುವವನಲ್ಲ ಅಂತ ನಂಗೆ ಗೊತ್ತಪ್ಪ. ನಂಗೂ ಈ ಸಾಲು ಬೇಡ. ಆದ್ರೆ ಕಾನೂನು ಅಂದ್ರೆ ಕಾನೂನು. ಒಂದು ಹೆಸರು ಹೇಳು, ಅವರನ್ನ ಕರ್ಸಿ ಕೇಳಿ ಹೊಡೆದು ಹಾಕ್ತೀನಿ. ಗೊತ್ತಾಯ್ತಾ, ಯಾರು ಫೋನ್ ಮಾಡಿದ್ದು?"

ಎಲ್ಲರೂ ನನ್ನ ಕಡೆ ತಿರುಗಿದರು. ಎರಲ್ ಕೂಡ, ಇಕ್ಕಳ ಕೆಳಗಿಟ್ಟು. ಬಾಗಿಲಲ್ಲಿ ನೋಲೀನ್ ತಲೆ ತಗ್ಗಿಸಿರಲಿಲ್ಲ, ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು. ಹೂಂ ಎಂದರೆ ಇಳಿದು ಬರಲು ಒಂದು ಕಾಲು ಮುಂದೆಯೇ ಇಟ್ಟಿದ್ದಳು.

ಮರ್ವ್ ಪೆನ್ಸಿಲ್ ಹಿಡಿದುಕೊಂಡೇ ಇದ್ದ. ನಾನು ತಟ್ಟೆಯನ್ನು ತೊಟ್ಟಿಯ ಮೇಲಿಟ್ಟು, ಎರಲ್‌ನ ಭುಜಕ್ಕೆ ಬೇಕೆಂದೇ ಒಂದು ಗುದ್ದು ತಾಗಿಸಿ, ಪಕ್ಕದ ಗೇಟಿನಿಂದ ಬೀದಿಗೆ ನಡೆದೆ. ಹಿಂದಿನಿಂದ ಮರ್ವ್ ಇನ್ನೊಂದು ಸಲ ಕೇಳಿದ. ನಾನು ನಿಲ್ಲಲಿಲ್ಲ.