ಓರ್ಲಿನ್ ಶ್ರಾಗ್ ಮೂರು ಸಲ ಕೊಂಡ ಟೈರು

ಓರ್ಲಿನ್ ಶ್ರಾಗ್ ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂಬುದು ಕಾನ್ಸಾಸಿನ ಆ ಗೋಧಿ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಹರಾಜು ಎಂದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದ. ಸುತ್ತ ನಲವತ್ತು ಮೈಲಿಯಲ್ಲಿ ಯಾವ ರೈತ ಬೇಸಾಯ ಬಿಟ್ಟು ಸಾಮಾನು ಹರಾಜಿಗಿಟ್ಟರೂ ಮುಂದಿನ ಸಾಲಿನಲ್ಲಿ ಓರ್ಲಿನ್‌ನ ಹಸಿರು ಟೋಪಿ ಇರಲೇಬೇಕು. ನೇಗಿಲಿನ ಕುಳ, ತುಕ್ಕು ಹಿಡಿದ ಸರಪಳಿ, ಅರ್ಧ ಡಬ್ಬಿ ಗ್ರೀಸು, ಸವೆದ ಟೈರು, ಹೀಗೆ ಅಗ್ಗಕ್ಕೆ ಸಿಕ್ಕಿದ್ದೆಲ್ಲ ಅವನ ಶೆಡ್ಡಿಗೆ ಬಂದು ಬೀಳುತ್ತಿತ್ತು. ಬಿದ್ದದ್ದು ಮತ್ತೆ ಹೊರಗೆ ಬಂದದ್ದನ್ನು ಕಂಡವರಿಲ್ಲ. ಹೆಂಡತಿ ಲವರ್ನಾ ಕೇಳಿದರೆ, "ಒಂದಲ್ಲ ಒಂದಿನ ಬೇಕಾಗತ್ತೆ" ಎನ್ನುತ್ತಿದ್ದ.

ಹರಾಜಿನಲ್ಲಿ ಅವನು ಬಾಯಿ ಬಿಟ್ಟವನೇ ಅಲ್ಲ. ಗದ್ದ ಒಂದು ಬೆರಳಿನಷ್ಟು ಕೆಳಗಿಳಿದರೆ ಕೂಗಿದ ಹಾಗೆ, ಇಳಿಯದಿದ್ದರೆ ಬಿಟ್ಟ ಹಾಗೆ. ಬಾಯಿ ಬಿಟ್ಟರೆ ಬೆಲೆ ಏರುತ್ತದೆ ಎಂದು ಅವನಪ್ಪ ಕಲಿಸಿದ್ದ. ಆ ಸೀಮೆಯ ಗಂಡಸರೆಲ್ಲ ಹೆಚ್ಚು ಕಡಿಮೆ ಹಾಗೇ. ಮದುವೆಯ ದಿನ ಪಾದ್ರಿ ಕೇಳಿದ್ದಕ್ಕೂ ಓರ್ಲಿನ್ ಗದ್ದವನ್ನಷ್ಟೇ ಇಳಿಸಿದ್ದ ಎಂದು ಲವರ್ನಾ ಇಂದಿಗೂ ಆಡಿಕೊಳ್ಳುತ್ತಾಳೆ.

ಆ ವರ್ಷ ಮಾರ್ಚಿನಲ್ಲಿ ಅವನ ಹಳೇ ಟ್ರಾಕ್ಟರಿನ ಹಿಂದಿನ ಎಡಗಡೆ ಟೈರು ಗದ್ದೆ ಬಿರಿದ ಹಾಗೆ ಬಿರಿಯಿತು. ಜೋಳ ಬಿತ್ತುವುದಕ್ಕೆ ಇನ್ನು ಒಂದೂವರೆ ತಿಂಗಳು. ಹೊಸ ಟೈರಿನ ಬೆಲೆ ಕೇಳಿ ಓರ್ಲಿನ್ ಅಂಗಡಿಯವನಿಗೆ ನಮಸ್ಕಾರವನ್ನೂ ಹೇಳದೆ ಹೊರಬಿದ್ದ. ಅದೂ ಒಂದನ್ನು ಕೊಂಡರೆ ಸಾಲದು. ಒಂದು ಕಡೆ ಹೊಸದು, ಒಂದು ಕಡೆ ಸವೆದದ್ದು ಹಾಕಿದರೆ ಟ್ರಾಕ್ಟರು ಕುಂಟೆತ್ತಿನಂತೆ ಒಂದೇ ಕಡೆ ಎಳೆಯುತ್ತದೆ. ಬಲಗಡೆಯದು ಎಷ್ಟು ಸವೆದಿದೆಯೋ ಅಷ್ಟೇ ಸವೆದದ್ದು ಬೇಕು. ಐದು ವಾರ, ಏಳು ಹರಾಜು ಸುತ್ತಿದ. ಸಿಗಲಿಲ್ಲ. ಟ್ರಾಕ್ಟರು ಮರದ ದಿಮ್ಮಿಗಳ ಮೇಲೆ ಮೂರು ಕಾಲಲ್ಲಿ ನಿಂತೇ ಇತ್ತು.

ಕೊನೆಗೆ ಅದು ಸಿಕ್ಕಿದ್ದು ಚರ್ಚುಗಳೆಲ್ಲ ಸೇರಿ ಏಪ್ರಿಲ್‌ನಲ್ಲಿ ನಡೆಸುವ ದಾನದ ಹರಾಜಿನಲ್ಲಿ. ಅಲ್ಲಿಗೆ ಸಾಮಾನು ಕೊಡುವವರು ಪುಕ್ಕಟೆ ಕೊಡುತ್ತಾರೆ, ಬಂದ ದುಡ್ಡು ಎಲ್ಲೋ ಬರ ಬಿದ್ದ ದೇಶದ ಹಸಿದವರಿಗೆ ಹೋಗುತ್ತದೆ. ಅಲ್ಲಿನ ಇನ್ನೊಂದು ಪದ್ಧತಿ ಏನೆಂದರೆ, ಗೆದ್ದವನು ಬೇಕೆಂದರೆ ಗೆದ್ದದ್ದನ್ನು ವಾಪಸು ಕೊಡಬಹುದು. ದುಡ್ಡು ಅವನದು ಹೋಗುತ್ತದೆ, ಸಾಮಾನು ಮತ್ತೆ ಕೂಗಿಗೆ ಬರುತ್ತದೆ. ಹೋದ ವರ್ಷ ಒಂದೇ ಒಂದು ಬ್ರೆಡ್ಡನ್ನು ಹನ್ನೊಂದು ಜನ ಕೊಂಡು, ಹನ್ನೊಂದು ಜನವೂ ವಾಪಸು ಕೊಟ್ಟು, ಕೊನೆಗೆ ಅದು ಒಣಗಿ ಕಲ್ಲಾಗಿತ್ತು. ಓರ್ಲಿನ್ ಇಂಥದ್ದನ್ನೆಲ್ಲ ದೂರದಿಂದ ನೋಡಿ, ಹುಚ್ಚರು ಎಂದುಕೊಂಡು ಮನೆಗೆ ಬರುತ್ತಿದ್ದ.

ಟೈರನ್ನು ಕಂಡವನೇ ಹತ್ತಿರ ಓಡಿದ. ಯಾರೋ ಪುಣ್ಯಾತ್ಮರು ಸೋಪು ಹಾಕಿ ಉಜ್ಜಿ ತೊಳೆದಿದ್ದರು. ಕೊಟ್ಟವರ ಹೆಸರಿರಲಿಲ್ಲ. ಓರ್ಲಿನ್ ಅದರ ಹಲ್ಲುಗಳ ಸಂದಿಗೆ ಹೆಬ್ಬೆರಳಿಟ್ಟು ಅಳೆದ. ಬಲಗಡೆಯದರ ಅಳತೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!

ಹರಾಜು ಕೂಗುವವನು ಗ್ಯಾಲೆನ್ ವೊಯ್ತ್. ಉಸಿರು ತೆಗೆದುಕೊಳ್ಳದೆ ಕಾಳು ಸುರಿದ ಹಾಗೆ ಕೂಗುವವನು. ಹಿಂದಿನ ಸಾಲಿನಲ್ಲಿ ನೆರೆಯ ಡೆಲ್ಬರ್ಟ್ ಗೋರಿಂಗ್ ಕಾಫಿ ಹಿಡಿದು ನಿಂತಿದ್ದ. ಎಂಬತ್ತು ಡಾಲರಿಗೆ ಟೈರು ಓರ್ಲಿನ್‌ನದಾಯಿತು. ಸಂತೋಷಕ್ಕೆ ಅವನ ತಲೆ ತಾನಾಗಿ ಕೋಲೆಬಸವನಂತೆ ಆಡತೊಡಗಿತು.

"ಮನೆಗೆ ಒಯ್ತೀಯೋ, ಮತ್ತೆ ಕೂಗ್ಲೋ?" ಎಂದು ಗ್ಯಾಲೆನ್ ಎಲ್ಲರನ್ನು ಕೇಳುವಂತೆ ಅವನನ್ನೂ ಕೇಳಿದ.

ತಲೆ ಆಡುತ್ತಲೇ ಇತ್ತು.

"ಮತ್ತೆ ಕೂಗು ಅಂತಾನ್ರಪ್ಪೋ! ಓರ್ಲಿನ್ ಶ್ರಾಗ್! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ದ ನೋಡಿದ್ರಾ ಯಾರಾದ್ರೂ?"

ನೆರೆದ ಜನವೆಲ್ಲ ಚಪ್ಪಾಳೆ ತಟ್ಟಿತು. ಓರ್ಲಿನ್ ಬಾಯಿ ತೆರೆದ. ನಲವತ್ತು ವರ್ಷ ಹರಾಜಿನಲ್ಲಿ ತೆರೆಯದ ಬಾಯಿ, ಮಾತು ಹೊರಡಲಿಲ್ಲ. ಅಷ್ಟರಲ್ಲಿ ಗ್ಯಾಲೆನ್ ಮತ್ತೆ ಕಾಳು ಸುರಿಯಲು ಶುರುಮಾಡಿದ್ದ. ಏನು ಮಾಡುವುದು? ಟೈರು ಬೇಕೇ ಬೇಕು. ಓರ್ಲಿನ್ ಗದ್ದ ಇಳಿಸಿದ.

ದಾನ ಮಾಡುವವನಿಗೆ ಪೈಪೋಟಿ ಕೊಟ್ಟರೆ ದಾನ ಬೆಳೆಯುತ್ತದೆ ಎಂಬುದು ಅಲ್ಲಿಯವರ ಲೆಕ್ಕಾಚಾರ. ಆದ್ದರಿಂದ ಡೆಲ್ಬರ್ಟ್ ಸ್ನೇಹಧರ್ಮದಿಂದಲೇ ಬೆಲೆ ಏರಿಸುತ್ತ ಹೋದ. ನೂರ ನಲವತ್ತಕ್ಕೆ ಮತ್ತೆ ಓರ್ಲಿನ್‌ನದೇ ಆಯಿತು. ಈ ಸಲ ಅವನು ಕತ್ತನ್ನು ಬಿಗಿಹಿಡಿದು ಕಂಬದಂತೆ ನಿಂತ. ಆದರೆ ಗ್ಯಾಲೆನ್ ಕೇಳಿದರೆ ತಾನೆ?

"ಇನ್ನು ಕೇಳೋದೇನಿದೆ? ಆ ಮುಖ ನೋಡಿ, ದಾನಶೂರನ ಮುಖ! ಮತ್ತೆ ಕೂಗ್ತಾ ಇದ್ದೀನಿ!"

"ನಾನು..." ಎಂದ ಓರ್ಲಿನ್.

"ಮಾತಾಡ್ಬೇಡ ಮಾರಾಯ, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗ್ಬಾರ್ದು" ಎಂದು ಪಕ್ಕದಲ್ಲಿದ್ದ ಮುದುಕರೊಬ್ಬರು ಅವನ ಬೆನ್ನು ಸವರಿದರು. ಅವರ ಕಣ್ಣಲ್ಲಿ ನೀರಿತ್ತು.

ಓರ್ಲಿನ್‌ಗೂ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಷ್ಟು ಜನರೆದುರು "ನಂಗೇ ಬೇಕು" ಎನ್ನುವುದು ಹೇಗೆ? ಹಾಗೆಂದು ಬಿಟ್ಟರೆ ಜೋಳ ಬಿತ್ತುವುದು ಹೇಗೆ? ಮೂರನೇ ಸಲ ಕೂಗು ಇನ್ನೂರ ಅರವತ್ತಕ್ಕೆ ಏರಿ ಮತ್ತೆ ಅವನದೇ ಆಯಿತು. ಅಲ್ಲಿಗೆ ಅವನು ಒಂದು ಟೈರಿನ ಆಸೆಗೆ ಒಂದು ಜೊತೆ ಟೈರಿನ ದುಡ್ಡು ಕಳೆದಿದ್ದ, ಟೈರು ಇನ್ನೂ ಗ್ಯಾಲೆನ್‌ನ ಕಾಲ ಬಳಿಯೇ ಇತ್ತು.

ಈ ಸಲ ಗ್ಯಾಲೆನ್ ಕೂಗನ್ನು ನಿಲ್ಲಿಸಿ ಮೆತ್ತಗೆ ಕೇಳಿದ: "ಓರ್ಲಿನ್, ಸಾಕು ಕಣಯ್ಯ. ಮೂರನೇದು. ನಿಜವಾಗ್ಲೂ ಮತ್ತೆ ಕೂಗ್ಲಾ?"

ಓರ್ಲಿನ್ ಟೋಪಿ ತೆಗೆದ. ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ ಊಟದ ಡೇರೆಯ ಬಾಗಿಲಲ್ಲಿ ಲವರ್ನಾ ಕಂಡಳು.

ಬೆಳಿಗ್ಗೆ ಆರರಿಂದ ಅವಳು ಅಲ್ಲಿ ಗಿಣ್ಣಿನ ಹೂರಣದ ಕಡುಬು ಮಾಡುತ್ತ ನಿಂತಿದ್ದಳು. ಧ್ವನಿವರ್ಧಕದಲ್ಲಿ ಗಂಡನ ಹೆಸರು ಕೇಳಿ ಮೈದಾಹಿಟ್ಟಿನ ಕೈಯಲ್ಲೇ ಓಡಿಬಂದಿದ್ದಳು. ಮೂವತ್ತೆಂಟು ವರ್ಷ ಗಂಡ ಚರ್ಚಿನ ತಟ್ಟೆಗೆ ಚಿಲ್ಲರೆ ಹಾಕುವಾಗ ತಲೆತಗ್ಗಿಸಿ ಕುಳಿತವಳು ಆಕೆ. ಈಗ ತಲೆ ಎತ್ತಿ ನಿಂತಿದ್ದಳು. ಹೆದರಿಕೆಯೋ ಹಿಗ್ಗೋ ತಿಳಿಯದ ಒಂದು ಬೆಳಕು ಅವಳ ಮುಖದಲ್ಲಿ. ಆ ಮುಖವನ್ನು ಓರ್ಲಿನ್ ಎಂದೂ ನೋಡಿರಲಿಲ್ಲ.

ಅವನು ಟೈರನ್ನೊಮ್ಮೆ ನೋಡಿದ, ಲವರ್ನಾಳನ್ನೊಮ್ಮೆ ನೋಡಿದ. ಗದ್ದ ಇಳಿಸಿದ.

ನಾಲ್ಕನೇ ಸಲ ಕೂಗುವಷ್ಟರಲ್ಲಿ ಜನಕ್ಕೆ ಟೈರು ಸಾಕಾಗಿತ್ತು. ಓರ್ಲಿನ್‌ನ ಜೇಬಿನಲ್ಲೂ ಏನೂ ಉಳಿದಿರಲಿಲ್ಲ. ಐವತ್ತೈದು ಡಾಲರಿಗೆ ಡೆಲ್ಬರ್ಟ್ ಕೊಂಡ. ಒಯ್ಯುತ್ತೀಯಾ ಎಂದು ಕೇಳಿದ್ದಕ್ಕೆ "ಒಯ್ತೀನಿ" ಎಂದ, ಎತ್ತಿಹಾಕಿಕೊಂಡು ಹೋದ. ಅಷ್ಟು ಸುಲಭವಿತ್ತು ಅದು! ಓರ್ಲಿನ್ ಎರಡು ರಾತ್ರಿ ನಿದ್ದೆ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಡೆಲ್ಬರ್ಟ್‌ನ ಗಾಡಿ ಶೆಡ್ಡಿನ ಮುಂದೆ ಬಂದು ನಿಂತಿತು. ಹಿಂದೆ ಟೈರು ಇತ್ತು.

"ಏನೋ ಇದು?" ಎಂದ ಓರ್ಲಿನ್.

"ಮನೆಗೆ ಹೋದ್ಮೇಲೆ ಹೊಳೀತು ಕಣೋ. ನೀನು ಕೂಗ್ಬೇಕಾದ್ರೆ ಹಣೆ ಮೇಲೆ ಬೆವರಿತ್ತು. ದಾನ ಮಾಡೋರು ಯಾರಾದ್ರೂ ಬೆವರ್ತಾರಾ? ಆಮೇಲೆ ನಿನ್ನ ಟ್ರಾಕ್ಟರು ಮೂರು ಕಾಲಲ್ಲಿ ನಿಂತಿದ್ದು ನೆನಪಾಯ್ತು. ಬಾಯಿ ಅನ್ನೋದು ಬರೀ ಉಣ್ಣೋಕೆ ಇಟ್ಕೊಂಡಿದ್ಯೇನೋ?"

ಇಬ್ಬರೂ ಸೇರಿ ಟೈರನ್ನು ಇಳಿಸಿ ಗೋಡೆಗೆ ಒರಗಿಸಿದರು. ಬೆಳಕು ಟೈರಿನ ಹೊಟ್ಟೆಯೊಳಕ್ಕೆ ಬಿತ್ತು. ಒಳಗೆ ಸೀಮೆಸುಣ್ಣದ ಅಕ್ಷರ ಕಂಡಿತು: "ಎಡಗಡೆಗೆ. ಜೋಪಾನ."

ಅದು ಓರ್ಲಿನ್‌ನ ಅಕ್ಷರವೇ. ಒಂಬತ್ತು ವರ್ಷದ ಹಿಂದೆ ಯಾವುದೋ ಹರಾಜಿನಿಂದ ಇದೇ ಟೈರನ್ನು ತಂದು, ಇದೇ ದಿನಕ್ಕೆಂದು ಬರೆದು, ಶೆಡ್ಡಿನ ಹಿಂದೆ ತಗಡಿನ ಕೆಳಗೆ ಇಟ್ಟು ಮರೆತಿದ್ದ.

ಡೆಲ್ಬರ್ಟ್ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಗಾಡಿಯ ಬಾಗಿಲು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕ. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ದು ಕೇಳಿದ್ದೆ. ಕೂಸನ್ನ ಮೂರು ಸಲ ಕ್ರಯಕ್ಕೆ ತಗೊಂಡಿದ್ದು ಕೇಳಿರ್ಲಿಲ್ಲಪ್ಪ!" ಎಂದು ಕಣ್ಣೊರೆಸಿಕೊಳ್ಳುತ್ತ ಗಾಡಿ ಹತ್ತಿ ಹೊರಟೇಬಿಟ್ಟ.

ಲವರ್ನಾ ಕಾಫಿ ಹಿಡಿದು ಬಂದಿದ್ದಳು. ಟೈರನ್ನು ನೋಡಿ ಅಲ್ಲೇ ನಿಂತಳು.

"ಹರಾಜಿಗೆ ನಾನೇ ಕೊಟ್ಟಿದ್ದು" ಎಂದಳು. "ನೀನು ಹುಡುಕ್ತಿರೋದು ಇದೇ ಅಂತ ಗೊತ್ತಿರ್ಲಿಲ್ಲ, ನಿನ್ನ ಕೇಳ್ದೆ ಕೊಟ್ಟೆ. ಮದುವೆ ಆದಾಗಿಂದ ಮೊದಲ್ನೇ ಸಲ. ನೀನು ಕೂಗ್ತಿದ್ದೀಯ ಅಂತ ಕೇಳಿ ಜೀವ ಬಾಯಿಗೆ ಬಂತು. ಗುರ್ತು ಹಿಡಿದ, ಎಲ್ಲರೆದುರು ವಾಪಸ್ ಕೊಂಡ್ಕೊಂಡು ಮಾನ ಕಳೀತಾನೆ ಅಂದ್ಕೊಂಡು ಓಡಿಬಂದೆ. ನೋಡಿದ್ರೆ ನೀನು ಮತ್ತೆ ಮತ್ತೆ ಕೊಡ್ತಿದ್ದೆ. ನನ್ನ ತಪ್ಪು ಕ್ಷಮಿಸಿ, ನನ್ನ ಜೊತೆ ಕೊಡ್ತಿದ್ದೀಯ ಅಂದ್ಕೊಂಡೆ ಓರ್ಲಿನ್."

ಓರ್ಲಿನ್ ಸೀಮೆಸುಣ್ಣದ ಅಕ್ಷರವನ್ನೇ ನೋಡುತ್ತಿದ್ದ.

"ಗುರ್ತು ಹಿಡಿದಿರ್ಲಿಲ್ಲ ಅಲ್ವಾ?" ಎಂದಳು ಅವಳು, ದನಿ ಸಣ್ಣದಾಗಿ.

ಆ ಸೀಮೆಯ ಜನ ಸುಳ್ಳು ಹೇಳುವುದಿಲ್ಲ. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಈ ಪ್ರಶ್ನೆಗೆ ಗದ್ದ ಇಳಿಸಿದರೆ ಮುಗಿಯುತ್ತಿರಲಿಲ್ಲ.

"ಇಲ್ಲ" ಎಂದ ಓರ್ಲಿನ್. "ಮನೆಗೆ ತರೋಣ ಅಂತ್ಲೇ ಕೂಗಿದ್ದು. ಮೊದಲ್ನೇ ಸಲ ಕೊಟ್ಟಿದ್ದು ತಲೆ ಆಡಿದ್ದಕ್ಕೆ. ಎರಡ್ನೇದು ಗ್ಯಾಲೆನ್ ಕಿತ್ಕೊಂಡಿದ್ದು."

ಲವರ್ನಾ ಕಾಫಿಯನ್ನು ನೆಲಕ್ಕಿಟ್ಟಳು.

"ಮೂರ್ನೇದು?"

ಓರ್ಲಿನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮೂರ್ನೇದು ನಾನೇ ಕೊಟ್ಟಿದ್ದು" ಎಂದ. "ನೀನು ಬಾಗಿಲಲ್ಲಿ ನಿಂತಿದ್ದೆ."